ಕಾಲ್ಗೆರೆ ಓದುವವನು

ಅಂಗೈ ಗೆರೆ ನೋಡಿ ಭವಿಷ್ಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಾಲಿನ ಗೆರೆ ನೋಡಿ ಮಾತಾಡುವವನು ಮಾತ್ರ ಇವನೊಬ್ಬನೇ ಇರಬೇಕು. ಅಂಗಾಲಿನ ಗೆರೆಯಲ್ಲ. ಕಾಲು ನಡೆದು ಹೋದ ದಾರಿಯಲ್ಲಿ, ಗಾಳಿಯಲ್ಲಿ, ಯಾರ ಕಣ್ಣಿಗೂ ಉಳಿಯದೆ ಅಳಿಸಿಹೋಗುತ್ತದಲ್ಲ, ಆ ಗೆರೆ. ಕೃತಕ ಕಾಲು ಜೋಡಿಸುವ ಆಸ್ಪತ್ರೆಯಲ್ಲಿ ಇವನು ಇಪ್ಪತ್ತೆರಡು ವರ್ಷಗಳಿಂದ ಫೋಟೊಗ್ರಾಫರ್. ಕಾಗದಪತ್ರದಲ್ಲಿ ಅವನ ಹುದ್ದೆಗೆ ಒಂದು ಉದ್ದನೆಯ ಹೆಸರಿತ್ತು. ಅದನ್ನು ಅವನೇ ಒಮ್ಮೆಯೂ ತಪ್ಪಿಲ್ಲದೆ ಬರೆದವನಲ್ಲ. ಯಾರೋ ಒಬ್ಬ ರೋಗಿ ತಮಾಷೆಗೆ ಗೆರೆಯಣ್ಣ ಎಂದು ಕರೆದ, ಅದೇ ಹೆಸರು ನಿಂತುಬಿಟ್ಟಿತು.

ಗೆರೆಯಣ್ಣನ ಕೋಣೆ ನೆಲಮಾಳಿಗೆಯಲ್ಲಿತ್ತು. ಉದ್ದಕ್ಕೆ ಹದಿನೆಂಟು ಹೆಜ್ಜೆ, ಅಗಲಕ್ಕೆ ಆರು. ಗೋಡೆಗೆ ಕಪ್ಪು ಬಣ್ಣ, ನೆಲಕ್ಕೆ ಕಪ್ಪು ರಬ್ಬರಿನ ಹಾಸು, ಬಾಗಿಲ ಸಂದಿಗೆ ಕಪ್ಪು ಬಟ್ಟೆ. ಹೊಸಬರು ಒಳಗೆ ಬಂದ ಕೂಡಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇಷ್ಟು ಕತ್ತಲಲ್ಲಿ ಫೋಟೊ ಹೇಗೆ ಬರುತ್ತೆ?" ಅವನು ಉತ್ತರ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಅವರ ಚಪ್ಪಲಿ ಬಿಡಿಸಿ, ಸೊಂಟ, ಮೊಣಕಾಲು, ಪಾದದ ಗಂಟು, ಹೆಬ್ಬೆರಳು, ಹೀಗೆ ನಾಲ್ಕು ಕಡೆ ಬಟಾಣಿಯಷ್ಟು ದಪ್ಪದ ಬಲ್ಬು ಕಟ್ಟುತ್ತಿದ್ದ. ಬ್ಯಾಟರಿ ಸೊಂಟದ ಬೆಲ್ಟಿನಲ್ಲಿ. ಆಮೇಲೆ ದೀಪ ಆರಿಸಿ, ಕ್ಯಾಮೆರಾದ ಕಣ್ಣು ತೆರೆದೇ ಇಟ್ಟು, ಆ ಗೋಡೆಯಿಂದ ಈ ಗೋಡೆಗೆ ನಡೆಸುತ್ತಿದ್ದ. ಕ್ಯಾಮೆರಾದ ಮುಂದೆ ಹಳೇ ಟೇಬಲ್ ಫ್ಯಾನಿನ ಮೋಟರಿಗೆ ಸಿಕ್ಕಿಸಿದ ಒಂದು ರಟ್ಟಿನ ತಟ್ಟೆ ಗಿರಗಿರ ತಿರುಗುತ್ತಿತ್ತು. ಅದರಲ್ಲೊಂದು ಸೀಳು. ಸೀಳು ಎದುರಿಗೆ ಬಂದಾಗ ಬೆಳಕು ಒಳಗೆ ಹೋಗುತ್ತದೆ, ಉಳಿದಂತೆ ಇಲ್ಲ. ಹಾಗಾಗಿ ತೊಳೆದು ತೆಗೆದ ಚಿತ್ರದಲ್ಲಿ ಮನುಷ್ಯನೇ ಇರುತ್ತಿರಲಿಲ್ಲ. ಕಪ್ಪಿನ ಮೇಲೆ ಬಿಳಿ ಚುಕ್ಕಿಗಳ ನಾಲ್ಕು ಸಾಲು, ಅಷ್ಟೇ. ಕಾಲು ಸಲೀಸಾಗಿ ಸಾಗಿದ ಕಡೆ ಚುಕ್ಕಿಗಳು ದೂರ ದೂರ, ಹಿಂಜರಿದ ಕಡೆ ಒತ್ತೊತ್ತಾಗಿ. ನೋವಿದ್ದ ಜಾಗವನ್ನು ರೋಗಿ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಈ ವಿದ್ಯೆ ಅವನಿಗೆ ಬಂದದ್ದು ಒಂದು ಬೈಗುಳದಿಂದ. ಹರೆಯದಲ್ಲಿ ಸ್ಟುಡಿಯೊ ಒಂದರಲ್ಲಿ ಕೆಲಸಕ್ಕಿದ್ದಾಗ, ಈ ಆಸ್ಪತ್ರೆಯಲ್ಲಿ ಹೊಸ ಕಾಲು ಹಾಕಿಸಿಕೊಂಡವರ ಫೋಟೊ ತೆಗೆಯಲು ಅವನನ್ನು ಕಳಿಸಿದ್ದರು. ವರಾಂಡದಲ್ಲಿ ಬೆಳಕು ಸಾಲದೆ ಎಲ್ಲ ಫೋಟೊ ಅಲುಗಿಹೋದವು. ಸ್ಟುಡಿಯೊ ಮಾಲೀಕ, "ಏನಯ್ಯಾ ಇದು, ಜನರ ಫೋಟೊ ತೆಗಿ ಅಂದ್ರೆ ಹೊಗೆಯ ಫೋಟೊ ತೆಗೆದಿದ್ದೀಯ" ಎಂದು ಮಂಗಳಾರತಿ ಎತ್ತಿದ. ಅವೇ ಫೋಟೊಗಳನ್ನು ಆಸ್ಪತ್ರೆಯ ಆಗಿನ ಹಿರಿಯ ಡಾಕ್ಟರು ಕಿಟಕಿಯ ಬಳಿ ಹಿಡಿದುಕೊಂಡು ಅರ್ಧ ಗಂಟೆ ನೋಡಿದರಂತೆ. "ಯಾರ ಕಾಲು ಎಲ್ಲಿ ಎಳೀತಿದೆ ಅಂತ ಈ ಕೆಟ್ಟ ಫೋಟೊದಲ್ಲಿ ಕಾಣಿಸುತ್ತೆ. ಚೆನ್ನಾಗಿರೋ ಫೋಟೊದಲ್ಲಿ ಎಲ್ಲರೂ ಒಂಟಿಕಾಲಿನ ಕೊಕ್ಕರೆ ಥರ ನಿಂತಿರ್ತಾರೆ" ಎಂದು ಹೇಳಿ, ಬಂದು ಕೆಲಸಕ್ಕೆ ಸೇರಿಕೋ ಎಂದರು. ಕೆಟ್ಟ ಫೋಟೊ ತೆಗೆದದ್ದಕ್ಕೆ ಕಾಯಂ ನೌಕರಿ ಸಿಕ್ಕವನು ಊರಲ್ಲಿ ನಾನೊಬ್ಬನೇ ಎಂದು ಗೆರೆಯಣ್ಣ ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದ. ಈಚೆಗೆ ಹೇಳುತ್ತಿರಲಿಲ್ಲ.

ಅವನ ಹತ್ತಿರ ಒಂದು ಉಪಾಯವಿತ್ತು. ಫೋಟೊ ಎಂದರೆ ಸಾಕು, ಎಂಥವರೂ ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು, ನೋವನ್ನು ನುಂಗಿಕೊಂಡು ನಡೆಯುತ್ತಾರೆ. ಅಂಥ ನಡಿಗೆಯಿಂದ ಯಾರಿಗೂ ಪ್ರಯೋಜನವಿಲ್ಲ. ಅದಕ್ಕೇ ಅವನು ಮೊದಲ ಸಲ, "ಇದು ಫೋಟೊ ಅಲ್ಲ, ಸುಮ್ಮನೆ ಒಂದು ಸಲ ನಡೆದು ನೋಡಿ" ಎನ್ನುತ್ತಿದ್ದ. ಅವರು ಸುಮ್ಮನೆ ನಡೆಯುತ್ತಿದ್ದರು. ಕ್ಯಾಮೆರಾ ತೆರೆದೇ ಇರುತ್ತಿತ್ತು. ಆಮೇಲೆ "ಹಾಂ, ಈಗ ಫೋಟೊ" ಎಂದು ಎರಡು ತೆಗೆಯುತ್ತಿದ್ದ. ಅವೆರಡೂ ಕಸದ ಬುಟ್ಟಿಗೆ. ಅಚ್ಚು ಹಾಕುತ್ತಿದ್ದದ್ದು ಮೊದಲನೆಯದನ್ನೇ. ದಿನಕ್ಕೆ ಒಬ್ಬರೋ ಇಬ್ಬರೋ, ಒಬ್ಬೊಬ್ಬರಿಗೆ ಬೇರೆ ಬೇರೆ ರೋಲು, ರೋಲಿನ ಮೊದಲ ಚಿತ್ರ. ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಜನಕ್ಕೆ ಅವನು ಹೇಳಿದ ಸುಳ್ಳು ಇದೊಂದೇ ಇರಬೇಕು.

ಆ ಗೆರೆಯನ್ನು ನೋಡಿ ಎಲ್ಲಿ ಉಜ್ಜಬೇಕು, ಎಲ್ಲಿ ಎತ್ತರಿಸಬೇಕು ಎಂದು ಅವನು ಹೇಳಿದಂತೆ ಕಾಲು ತಿದ್ದುತ್ತಿದ್ದವನು ಬಡಗಿ. ಮರದ ಕಾಲುಗಳ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ, ಈಗ ಅವನ ಕೈಯಲ್ಲಿ ಪ್ಲಾಸ್ಟಿಕ್ಕು, ರಬ್ಬರು, ಕಬ್ಬಿಣವೇ ಇದ್ದರೂ, ಎಲ್ಲರಿಗೂ ಅವನು ಬಡಗಿಯೇ. ಇಬ್ಬರಿಗೂ ವಾರಕ್ಕೊಮ್ಮೆಯಾದರೂ ಜಗಳ. ಜಗಳದ ಕೊನೆಗೆ ಬಡಗಿ ಗೊಣಗುತ್ತಲೇ ಹೋಗಿ ಕಾಲು ತಿದ್ದುತ್ತಿದ್ದ, ಮತ್ತು ಕಾಲು ಸರಿಹೋಗುತ್ತಿತ್ತು. ಹೀಗಾಗಿ ಗೆರೆಯ ವಿಷಯದಲ್ಲಿ ಗೆರೆಯಣ್ಣ ಹೇಳಿದ್ದಕ್ಕೆ ಎರಡು ಮಾತಿರಲಿಲ್ಲ. ಈಗಿರುವ ಡಾಕ್ಟರಮ್ಮ ಅವನ ಷರಾ ಓದಿ, ಚಿತ್ರ ಕೂಡ ನೋಡದೆ ಸಹಿ ಹಾಕುತ್ತಿದ್ದರು.

ಅವನ ಹೆಂಡತಿ ಅಂಚೆ ಹಂಚುವವಳು. ಹದಿನೆಂಟು ವರ್ಷ ಒಂದೇ ಬೀಟು: ಒಂಬತ್ತು ಬೀದಿ, ಎರಡು ಮೆಟ್ಟಿಲ ದಾರಿ, ಒಂದು ಮಾರುಕಟ್ಟೆ. ಸೈಕಲ್ ಕೊಡುತ್ತೇವೆಂದರೂ ಬೇಡವೆಂದು ನಡೆದವಳು. ಇಬ್ಬರದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಒಂದೇ ಎತ್ತರ. ಮದುವೆ ಮಾತಿನ ಹೊತ್ತಿಗೆ ಅವನ ಅಕ್ಕ ಇದಕ್ಕೆ ಮೂಗು ಮುರಿದು, ಕಡೆಗೆ ಮದುವೆ ಫೋಟೊದಲ್ಲಿ ತಮ್ಮನ ಕಾಲಡಿಗೆ ಒಂದು ಇಟ್ಟಿಗೆ ಇಡಿಸಿ ಮರ್ಯಾದೆ ಉಳಿಸಿಕೊಂಡಿದ್ದಳು.

ಹತ್ತು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಗೆರೆಯಣ್ಣ ಸ್ಕೂಟರ್ ಓಡಿಸುತ್ತಿದ್ದ. ಹೆಂಡತಿ ಹಿಂದೆ ಕೂತಿದ್ದಳು. ತಿರುವಿನಲ್ಲಿ ಚೆಲ್ಲಿದ್ದ ಜಲ್ಲಿಯ ಮೇಲೆ ಚಕ್ರ ಜಾರಿತು. ಅವನು ಒಂದು ಕಡೆಗೆ ಬಿದ್ದ, ಅವಳು ಇನ್ನೊಂದು ಕಡೆಗೆ. ಅವಳ ಕಡೆಯಿಂದ ಲಾರಿ ಬಂತು. ಅವಳ ಎಡಗಾಲು ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗಿನವರೆಗೆ ಉಳಿಯಿತು. ಅವನ ಅಂಗಿಯ ಒಂದು ಗುಂಡಿ ಕಿತ್ತಿತ್ತು, ಅಷ್ಟೇ. ಮೈಮೇಲೆ ಒಂದು ತರಚಿದ ಗಾಯವೂ ಇಲ್ಲ. ನೋಡಲು ಬಂದವರೆಲ್ಲ ಅವನ ಅದೃಷ್ಟವನ್ನು ಹೊಗಳಿದರು. ಹೊಗಳಿದವರಿಗೆಲ್ಲ ಅವನು ಟೀ ಕೊಟ್ಟ.

ಅವತ್ತಿನಿಂದ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವಿದೆ, ತಡೆದುಕೊಂಡಿದ್ದಾನೆ ಎಂದು ಜನ ತಿಳಿದರು. ನಿಜವೆಂದರೆ ತಡೆಯಲು ಒಳಗೆ ಏನೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಎದ್ದ, ಅಡುಗೆ ಮಾಡಿದ, ಅವಳ ಗಾಯದ ಬಟ್ಟೆ ಬದಲಿಸಿದ, ಕೆಲಸಕ್ಕೆ ಹೋದ, ಬಂದ. ಅನ್ನಕ್ಕೆ ಉಪ್ಪು ಹಾಕಿದ್ದೇನೆಯೋ ಇಲ್ಲವೋ ಎಂಬುದು ಅವಳು ಹೇಳಿದ ಮೇಲೆ ಗೊತ್ತಾಗುತ್ತಿತ್ತು. ಎರಡು ತಿಂಗಳು ಜೊತೆಗಿದ್ದು ಹೊರಟ ಅಕ್ಕ, ಬಾಗಿಲಲ್ಲಿ ನಿಂತು ಕೇಳಿಯೇ ಬಿಟ್ಟಳು.

"ಒಂದು ಹನಿ ಕಣ್ಣೀರು ಹಾಕಲಿಲ್ಲವಲ್ಲೋ. ನಿನಗೇನೂ ಅನ್ನಿಸೋದೇ ಇಲ್ವಾ?"

"ಬಸ್ಸಿಗೆ ಹೊತ್ತಾಗುತ್ತೆ ಅಕ್ಕಾ" ಎಂದ.

ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು ಹೋದಳು. ಅವಳು ಕೇಳಿದ್ದು ತಪ್ಪೇನಲ್ಲ ಎಂದು ಅವನು ಪಾತ್ರೆ ತೊಳೆಯುತ್ತ ಯೋಚಿಸಿದ. ಆ ಯೋಚನೆಯೂ ಬೇರೆ ಯಾರದೋ ಮನೆಯ ವಿಷಯದಂತೆ ಇತ್ತು.

ಗಾಯ ಮಾಗಿದ ಮೇಲೆ ಬಡಗಿ ಅವಳಿಗೆ ಕಾಲು ಮಾಡಿಕೊಟ್ಟ. ಅವಳು ಹಠಗಾತಿ. ಮೂರು ತಿಂಗಳು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮನೆಯಿಂದ ನೀರಿನ ಟ್ಯಾಂಕಿನ ತನಕ ಹೋಗಿ ಬರುವುದು. ಗೆರೆಯಣ್ಣ ಪಕ್ಕದಲ್ಲೇ ಹೋಗುತ್ತಿದ್ದ. ಬಿದ್ದರೆ ಹಿಡಿಯಲು ಎಡಗಡೆಯೇ ಇರುತ್ತಿದ್ದ. ಅವಳು ದಾರಿಯುದ್ದಕ್ಕೂ ಮನೆಗಳ ಪುರಾಣ ಹೇಳುತ್ತಿದ್ದಳು, ಯಾರ ಮನೆಗೆ ಯಾರ ಕಾಗದ ಬರುತ್ತದೆ, ಯಾರ ಮನೆಯ ನಾಯಿ ಸುಳ್ಳೇ ಬೊಗಳುತ್ತದೆ ಎಂದು. ಅವನು ಹೂಂ ಎನ್ನುತ್ತಿದ್ದ.

ಆಗ ಅಂಚೆ ಕಚೇರಿಯಿಂದ ಕಾಗದ ಬಂತು. ಈ ತಿಂಗಳ ಕೊನೆಯೊಳಗೆ ಆಸ್ಪತ್ರೆಯಿಂದ ನಡೆಯಬಲ್ಲಳೆಂಬ ಸರ್ಟಿಫಿಕೇಟ್ ತಂದರೆ ಅವಳ ಬೀಟು ಅವಳಿಗೆ. ತರದಿದ್ದರೆ ಬೀಟು ಬೇರೆಯವರಿಗೆ ಹೋಗುತ್ತದೆ, ಅವಳು ಒಳಗೆ ಕಾಗದ ವಿಂಗಡಿಸುವ ಮೇಜಿಗೆ. ಒಮ್ಮೆ ಮೇಜಿಗೆ ಹೋದವರು ಮತ್ತೆ ಬೀದಿಗೆ ಬಂದ ಉದಾಹರಣೆ ಆ ಕಚೇರಿಯಲ್ಲಿರಲಿಲ್ಲ.

"ಆ ಮೇಜಿಗೆ ಕಿಟಕಿಯೂ ಇಲ್ಲ ರೀ" ಎಂದಳು ಅವಳು. "ಅಲ್ಲಿ ಕೂತರೆ ನಾನು ಕೂತೇಬಿಡ್ತೀನಿ."

ಅವಳು ಖಾಕಿ ಸಮವಸ್ತ್ರ ತೆಗೆದು ಒಗೆದಳು, ಇಸ್ತ್ರಿ ಹಾಕಿದಳು, ಹ್ಯಾಂಗರಿಗೆ ಹಾಕಿ ಬಾಗಿಲ ಹಿಂದೆ ತೂಗುಬಿಟ್ಟಳು.

ಡಾಕ್ಟರಮ್ಮ ಕೇಳಿದರು: "ನಿಮ್ಮ ಮನೆಯವರ ಗೆರೆ ನೀವೇ ಓದ್ತೀರಾ?"

"ಬೇರೆ ಯಾರಿದ್ದಾರೆ ಮೇಡಂ?"

"ಮನಸ್ಸು ಗಟ್ಟಿ ಇರುತ್ತಾ?"

"ಇರುತ್ತೆ" ಎಂದ. ಅದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.

ಆ ದಿನ ಅವಳು ಬರುವುದಕ್ಕೆ ಮುಂಚೆ ಅವನು ಕೋಣೆ ಸಿದ್ಧ ಮಾಡಿದ. ಮೊಣಕಾಲಿನ ಬಲ್ಬಿನ ವೈರು ಹಿಂದಿನ ದಿನ ಕಿತ್ತುಹೋಗಿ, ಬೆಸುಗೆ ಹಾಕಿಸಿಕೊಂಡು ಬಂದಿದ್ದ. ಬೆಳಕು ಫಿಲಂ ಮೇಲೆ ಸರಿಯಾಗಿ ಬೀಳುತ್ತದೋ ಇಲ್ಲವೋ ನೋಡೋಣವೆಂದು, ಚಪ್ಪಲಿ ಬಿಟ್ಟು, ಬಲ್ಬುಗಳನ್ನು ತನ್ನ ಎಡಗಾಲಿಗೇ ಕಟ್ಟಿಕೊಂಡು, ಕ್ಯಾಮೆರಾ ತೆರೆದಿಟ್ಟು, ಕತ್ತಲಲ್ಲಿ ಒಂದು ಸಲ ಆ ಗೋಡೆಯಿಂದ ಈ ಗೋಡೆಗೆ ನಡೆದ. ಕ್ಯಾಮೆರಾ ಮುಚ್ಚಿದ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಹೆಂಡತಿಗೆ ಅವನು ಎಲ್ಲರಿಗೂ ಕಟ್ಟುವಂತೆಯೇ ಬಲ್ಬು ಕಟ್ಟಿದ. ಬಡಗಿ ಮಾಡಿದ ಪಾದದ ಹೆಬ್ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕುವಾಗ ಅವಳು ಮೇಲಿನಿಂದ ನೋಡುತ್ತಿದ್ದಳು.

"ಈಗ ಸುಮ್ಮನೆ ಒಂದು ಸಲ ನಡಿ ಅಂತೀರಿ, ಅಲ್ವಾ?"

ಅವಳಿಗೆ ಅವನ ಉಪಾಯ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವನೇ ಹೇಳಿ ನಗಿಸಿದ್ದ.

"ಹೂಂ. ನಡಿ" ಎಂದ.

ಅವಳು ನಡೆದಳು. ಕತ್ತಲಲ್ಲಿ ನಾಲ್ಕು ಬೆಳಕು ಅವನ ಮುಂದೆ ಸಾಗಿ ಹೋದವು. ನೋಡಬೇಕೆಂದು ಅನ್ನಿಸದೆ ಅವನು ಕೈಗಡಿಯಾರದ ಹೊಳೆಯುವ ಮುಳ್ಳು ನೋಡುತ್ತ ನಿಂತ. ಮತ್ತೆರಡು ಸಲ ನಡೆಸಿದ. ಬಲ್ಬು ಬಿಚ್ಚಿದ. ಅವಳು ಬಸ್ಸಿಗೆ ಹೋದಳು.

ಸಂಜೆ ರೋಲು ತೊಳೆದು, ಒಣಗಿಸಿ, ಮೊದಲ ಚಿತ್ರವನ್ನು ಅಚ್ಚು ಹಾಕಿದ. ಟ್ರೇಯಲ್ಲಿ ಚುಕ್ಕಿಗಳು ಒಂದೊಂದಾಗಿ ಮೇಲೆ ಬಂದವು. ಗೆರೆ ಚೆನ್ನಾಗಿರಲಿಲ್ಲ. ಹಿಮ್ಮಡಿ ನೆಲ ಮುಟ್ಟುವ ಮೊದಲು ಪಾದದ ಚುಕ್ಕಿಗಳು ಒತ್ತೊತ್ತಾಗಿ ಬಿದ್ದಿದ್ದವು, ಎಡಗಾಲಿನ ಮೇಲೆ ಭಾರ ಬಿಡಲು ಭಯಪಡುವವರದ್ದು ಹಾಗೆಯೇ ಇರುತ್ತದೆ. ಸೊಂಟದ ಸಾಲು ಎರಡು ಹೆಜ್ಜೆಗೊಮ್ಮೆ ಕುಸಿದು ಏಳುತ್ತಿತ್ತು. ಮೊಣಕಾಲು ಪೂರ್ತಿ ಬಿಚ್ಚುತ್ತಲೇ ಇರಲಿಲ್ಲ. ಅವಳಿಗೆ ಉಪಾಯ ಗೊತ್ತಿದ್ದದ್ದರಿಂದ ಮೊದಲನೆಯದನ್ನೇ ಗಮನವಿಟ್ಟು ನಡೆದಿರುತ್ತಾಳೆ. ಗಮನವಿಟ್ಟು ನಡೆದದ್ದೇ ಹೀಗಿದ್ದರೆ ಉಳಿದದ್ದು ಕೇಳುವುದೇ ಬೇಡ ಎಂದು ಲೆಕ್ಕ ಹಾಕಿದ. ಷರಾ ಬರೆದ: ಎಡಗಾಲು ಭಾರ ತಾಳುತ್ತಿಲ್ಲ, ನೋವಿದೆ, ಕನಿಷ್ಠ ಆರು ತಿಂಗಳು ಬೀದಿ ಕೆಲಸ ಬೇಡ. ಎಂದಿನಂತೆ ಅಕ್ಷರ ದುಂಡಗೆ ಬಂದವು.

ಮರುದಿನ ಡಾಕ್ಟರಮ್ಮ ಓದಿ, ಅವನ ಮುಖ ನೋಡಿ, ಸಹಿ ಹಾಕಿದರು. ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು.

ಮನೆಗೆ ಬಂದು ಅವನು ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. ಅವಳು ತರಕಾರಿ ಹೆಚ್ಚುತ್ತಿದ್ದಳು.

"ನಾನು ಚೆನ್ನಾಗೇ ನಡೆದಿದ್ದೀನಿ" ಎಂದಳು.

"ಗೆರೆ ಹಾಗೆ ಹೇಳ್ತಿಲ್ಲ."

"ಗೆರೆ ಬಿಡಿ. ಮೂರು ತಿಂಗಳಿಂದ ದಿನಾ ಎರಡು ಹೊತ್ತು ನನ್ನ ಪಕ್ಕದಲ್ಲೇ ಬರ್ತಿದೀರಲ್ಲ. ನೀವೇ ಹೇಳಿ. ನಾನು ಕುಂಟ್ತೀನಾ?"

ಅವನು ಯೋಚಿಸಿದ. ಗೊತ್ತಿರಲಿಲ್ಲ. ಮೂರು ತಿಂಗಳಲ್ಲಿ ಒಂದು ದಿನವೂ ಅವಳ ನಡಿಗೆಯನ್ನು ಅವನು ನೋಡಿರಲಿಲ್ಲ. ನೆಲ ನೋಡಿದ್ದ, ಜಲ್ಲಿ ಕಲ್ಲು ಎಲ್ಲಿದೆ ಎಂದು.

"ಹೇಳಿ" ಎಂದಳು.

"ನನ್ನ ಕೆಲಸ ನನಗೆ ಗೊತ್ತು" ಎಂದ.

ಅವಳು ಈಳಿಗೆಮಣೆ ಬಿಟ್ಟು ಎದ್ದು, ಕೋಣೆಗೆ ಹೋಗಿ, ಬಾಗಿಲ ಹಿಂದಿನ ಸಮವಸ್ತ್ರ ತೆಗೆದು, ಮಡಿಸಿ, ಟ್ರಂಕಿನೊಳಗಿಟ್ಟಳು. ಅಳಲಿಲ್ಲ, ರೇಗಲಿಲ್ಲ. ಮುಚ್ಚಳ ಹಾಕಿದ ಮೇಲೆ ಅದರ ಮೇಲೇ ಕೂತಳು. ಅವಳ ಜೀವವೇ ಬೀದಿಯಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ತಾನು ಬರೆದ ಎರಡು ಸಾಲು ಅದನ್ನು ಕಿತ್ತುಕೊಂಡವೆಂದೂ ಗೊತ್ತಿತ್ತು. ಎದೆಯಲ್ಲಿ ಏನಾದರೂ ಆಗಬಹುದೇ ಎಂದು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ. ಅವಳು ಅರ್ಧಕ್ಕೆ ಬಿಟ್ಟಿದ್ದ ತರಕಾರಿಯನ್ನು ಹೆಚ್ಚಿ ಮುಗಿಸಿದ. ಸಂಜೆಯ ನಡಿಗೆಗೆ ಅವಳು ಏಳಲಿಲ್ಲ, ಮಾರನೆಯ ಬೆಳಿಗ್ಗೆಯೂ ಏಳಲಿಲ್ಲ.

ಸುಮ್ಮನಿರದವನೆಂದರೆ ಬಡಗಿ. ಷರಾ ಓದಿ ಅವನಿಗೆ ಮೈಯೆಲ್ಲ ಉರಿದುಹೋಯಿತು. ಗೆರೆಯಣ್ಣನ ಹೆಂಡತಿಯ ಕಾಲೆಂದು ಅದಕ್ಕೆ ಅವನು ಎಂದಿಗಿಂತ ಹೆಚ್ಚು ಜೀವ ತೇದಿದ್ದ. ಅವಳನ್ನು ಕರೆಸಿ, ಕಾಲು ಬಿಚ್ಚಿಸಿಕೊಂಡು, ಮೂರು ದಿನ ಅಳೆದ, ತೂಗಿದ, ಒತ್ತಿದ. ಒಂದು ಕೂದಲಷ್ಟು ತಪ್ಪು ಸಿಗಲಿಲ್ಲ. ನಾಲ್ಕನೆಯ ದಿನ ಚಿತ್ರವನ್ನೂ ಒಂದು ಭೂತಗನ್ನಡಿಯನ್ನೂ ಹಿಡಿದು ನೆಲಮಾಳಿಗೆಗೆ ಇಳಿದು ಬಂದ.

"ಏನಯ್ಯಾ, ಇದು ಯಾರ ಕಾಲು?"

"ಅವಳದ್ದೇ."

"ಅವಳದ್ದೇ? ಕಣ್ಣು ಎಲ್ಲಿಟ್ಟಿದ್ದೆ? ಇಲ್ಲಿ ಬಾ. ಹೆಬ್ಬೆರಳಿನ ಸಾಲು ನೋಡು."

ಗೆರೆಯಣ್ಣ ಗಾಜಿಗೆ ಕಣ್ಣು ಹಚ್ಚಿದ. ಪ್ರತಿ ಹೆಜ್ಜೆಯ ಕೊನೆಗೂ, ಪಾದದ ಗಂಟಿನ ಚುಕ್ಕಿಗಳು ಮೇಲೇಳಲು ಶುರುವಾದ ಮೇಲೂ, ಹೆಬ್ಬೆರಳಿನ ಚುಕ್ಕಿಗಳು ಅಲ್ಲೇ ನೆಲದ ಮೇಲೆ ಒಂದು ಸಣ್ಣ ರಾಶಿಯಾಗಿ ಉಳಿದಿದ್ದವು.

"ಹಿಮ್ಮಡಿ ಎದ್ದಿದೆ, ಬೆರಳು ಇನ್ನೂ ನೆಲ ಬಿಟ್ಟಿಲ್ಲ" ಎಂದ ಬಡಗಿ. "ಅಂದ್ರೆ ಪಾದ ಬೆರಳಿನ ಬುಡದಲ್ಲಿ ಮಡಚಿದೆ. ನಾನು ಮಾಡಿದ ಪಾದ ಒಂದೇ ತುಂಡು. ಅದು ಎದ್ದರೆ ಪೂರ್ತಿ ಏಳುತ್ತೆ. ನನ್ನ ಕಾಲಿನ ಹೆಬ್ಬೆರಳು ಮಡಚಲ್ಲ ಮಾರಾಯ. ಇದು ರಕ್ತ ಮಾಂಸ ಇರೋ ಕಾಲು."

ಗೆರೆಯಣ್ಣ ಮತ್ತೆ ನೋಡಿದ. ಕಲಿಕೆಯ ಮೊದಲ ವಾರದಲ್ಲಿ ಯಾರಿಗಾದರೂ ಕಾಣುವ ವಿಷಯವದು. ಅವನೇ ಎಷ್ಟು ಜನಕ್ಕೆ ತೋರಿಸಿಕೊಟ್ಟಿದ್ದನೋ.

"ಯಾರೋ ಪಾಪ, ಇಷ್ಟು ಕೆಟ್ಟದಾಗಿ ಎಡಗಾಲು ಎಳೀತಿರೋನು" ಎಂದ ಬಡಗಿ. "ಯಾರ ಫೋಟೊ ಯಾರದ್ದಕ್ಕೆ ಸೇರಿಸಿದೀಯೋ ನೋಡು ಮೊದಲು. ಆ ಮನುಷ್ಯನಿಗೆ ಏನೋ ದೊಡ್ಡದು ಆಗಿದೆ."

ಗೆರೆಯಣ್ಣ ರೋಲು ತೆಗೆದು ದೀಪಕ್ಕೆ ಹಿಡಿದ. ಮೂರು ಚಿತ್ರ ಇರಬೇಕಾದ ಕಡೆ ನಾಲ್ಕಿದ್ದವು. ಆಗ ಬೆಸುಗೆ ಹಾಕಿದ ವೈರು ನೆನಪಾಯಿತು. ಆ ತಿಂಗಳುಗಳಲ್ಲಿ ಮಾಡಿದ ಕೆಲಸ ಮಾಡಿದ ಕೂಡಲೇ ಅವನ ತಲೆಯಿಂದ ಜಾರಿಹೋಗುತ್ತಿತ್ತು. ಬಾಗಿಲು ತಟ್ಟಿದ್ದಷ್ಟೇ ಸಾಕಾಗಿತ್ತು, ತಾನು ನಡೆದದ್ದು ಮರೆತುಹೋಗಲು.

"ನನ್ನದು" ಎಂದ.

"ಏನು ನಿನ್ನದು?"

"ಇದು ನನ್ನ ಕಾಲು. ಬಲ್ಬು ಸರಿ ಇದೆಯಾ ಅಂತ ನಡೆದು ನೋಡಿದ್ದೆ."

ಬಡಗಿ ಚಿತ್ರವನ್ನು ನೋಡಿದ, ಅವನ ಕಾಲನ್ನು ನೋಡಿದ. ಭೂತಗನ್ನಡಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಹೋದ.

ಎರಡನೆಯ ಚಿತ್ರವನ್ನು ಗೆರೆಯಣ್ಣ ಅಚ್ಚು ಹಾಕಿದ. ಹೆಬ್ಬೆರಳ ಬಳಿ ರಾಶಿ ಇಲ್ಲ, ಬಡಗಿಯ ಪಾದವೇ. ಹೆಜ್ಜೆಯಿಂದ ಹೆಜ್ಜೆಗೆ ಒಂದೇ ಅಳತೆ. ಸೊಂಟದ ಸಾಲು ಒಂದೆಳೆ ದಾರದಂತೆ ಹಗುರಾಗಿ ಏರಿ ಇಳಿದು ಹೋಗಿತ್ತು. ಮೂರನೆಯದು, ನಾಲ್ಕನೆಯದು, ಅವೂ ಹಾಗೆಯೇ. ಅವಳು ಫೋಟೊಗಾಗಿ ನಡೆದಿರಲಿಲ್ಲ. ಅವಳು ನಡೆಯುವುದೇ ಹಾಗೆ.

ಡಾಕ್ಟರಮ್ಮ ಹಳೆಯ ಷರಾ ಹರಿದು ಹೊಸದಕ್ಕೆ ಸಹಿ ಮಾಡಿದರು. ಆಮೇಲೆ ಅವನನ್ನು ಮಂಚದ ಮೇಲೆ ಮಲಗಿಸಿ ಎಡಗಾಲನ್ನು ಮಡಚಿಸಿ, ಬಿಚ್ಚಿಸಿ, ಒತ್ತಿ ನೋಡಿದರು.

"ಇಲ್ಲಿ ನೋವಿದೆಯಾ?"

"ಇಲ್ಲ."

"ಇಲ್ಲಿ?"

"ಇಲ್ಲ ಮೇಡಂ. ಎಲ್ಲೂ ಏನೂ ಇಲ್ಲ."

"ನನಗೂ ಏನೂ ಸಿಗ್ತಿಲ್ಲ" ಎಂದರು ಅವರು. "ಕಾಲು ಚೆನ್ನಾಗೇ ಇದೆ. ಆದರೆ ಈಗ ಬಾಗಿಲಿಂದ ಇಲ್ಲಿಗೆ ಕುಂಟುತ್ತಾ ಬಂದ್ರಿ. ನನಗೇ ಇಷ್ಟು ದಿನ ಕಾಣಿಸಲಿಲ್ಲ ನೋಡಿ."

ಮನೆಗೆ ಬಂದು ಅವನು ಸರ್ಟಿಫಿಕೇಟನ್ನೂ ಎರಡು ಚಿತ್ರಗಳನ್ನೂ ಹೆಂಡತಿಯ ಮುಂದಿಟ್ಟ. ಆದದ್ದನ್ನು ಆದ ಹಾಗೆ ಹೇಳಿದ. ತಪ್ಪಾಯಿತು ಎಂದ. ನಾಲ್ಕು ದಿನ ಅವಳು ನಡಿಗೆಗೆ ಏಳದೆ ಕೂತದ್ದು ತನ್ನಿಂದ ಎಂದ. ಅವಳು ಸರ್ಟಿಫಿಕೇಟನ್ನು ಎರಡು ಸಲ ಓದಿ ಬದಿಗಿಟ್ಟು, ಅವನ ಚಿತ್ರವನ್ನು ಕೈಗೆತ್ತಿಕೊಂಡಳು. ಅವಳಿಗೆ ಚುಕ್ಕಿ ಓದಲು ಬರುತ್ತಿರಲಿಲ್ಲ. ಬರದಿದ್ದರೂ ಬಹಳ ಹೊತ್ತು ನೋಡಿದಳು.

"ನನಗೆ ಗೊತ್ತಿತ್ತು" ಎಂದಳು.

"ಏನು?"

"ನೀವು ಕುಂಟೋದು. ನನಗೆ ಸರಿಜೋಡಿಯಾಗಿ ಹೆಜ್ಜೆ ಹಾಕಿ ಹಾಕಿ ಹಾಗಾಗಿದೆ, ನಾನು ಸರಿಹೋದ ಮೇಲೆ ತಾನೇ ಹೋಗುತ್ತೆ ಅಂತ ಸುಮ್ಮನಿದ್ದೆ. ನಾನು ಸರಿಹೋಗಿ ತಿಂಗಳಾಯ್ತು."

ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು; ಅವನು ಎದ್ದು ಹೋಗಿ ಒಲೆ ಆರಿಸಿದ.

ಮುಂದಿನ ತಿಂಗಳ ಮೊದಲ ದಿನ ಅವಳು ಬೀಟಿಗೆ ಹೊರಟಳು. ಅವನು ರಜೆ ಹಾಕಿ ಜೊತೆಗೆ ಹೋದ. ಮೊದಲ ದಿನ, ಚೀಲ ಭಾರ, ಯಾವುದಕ್ಕೂ ಒಬ್ಬರಿರಲಿ ಎಂಬುದು ಅವನ ಲೆಕ್ಕ. ಚೀಲವನ್ನು ಅವಳು ಮುಟ್ಟಲೂ ಬಿಡಲಿಲ್ಲ. ಅಂಚೆ ಕಚೇರಿಯ ಮೆಟ್ಟಿಲಿಳಿದವಳೇ ಮೊದಲ ಬೀದಿ ಮುಗಿಸಿದಳು, ಎರಡನೆಯದು ಮುಗಿಸಿದಳು. ಪ್ರತಿ ಮನೆಯಲ್ಲೂ ಯಾರಾದರೂ ಹೊರಗೆ ಬಂದು ಮಾತಾಡಿಸುವವರೇ. "ಬಂದ್ರಾ ಅಕ್ಕಾ" ಎನ್ನುವವರು, ಕೈ ಹಿಡಿದುಕೊಂಡವರು, ನಿಮ್ಮ ಬದಲಿಗೆ ಬರ್ತಿದ್ದ ಆ ಹುಡುಗ ಎಲ್ಲ ಕಾಗದ ತಪ್ಪು ಮನೆಗೆ ಹಾಕಿ ಹೋಗ್ತಿದ್ದ ಎಂದು ದೂರು ಹೇಳಿದವರು. ಅವಳು ಎಲ್ಲರಿಗೂ ಒಂದೊಂದು ಮಾತಾಡಿ ಮುಂದೆ ಹೋಗುತ್ತಿದ್ದಳು. ಅವನು ಹಿಂದೆ ಬಿದ್ದ. ಈ ಸಲ ಅವನು ನೆಲ ನೋಡಲಿಲ್ಲ, ಅವಳನ್ನು ನೋಡಿದ. ಬೀದಿಯಲ್ಲಿ ಎಲ್ಲರೂ ಒಂದೊಂದು ಕಡೆ ನಿಂತಿದ್ದರು, ಅವಳೊಬ್ಬಳು ಮಾತ್ರ ಸಾಗುತ್ತಿದ್ದಳು. ಹೊಸ ಕಾಲು ಯಾವುದು ಎಂದು ಗೊತ್ತಿಲ್ಲದವರು ಹೇಳುವಂತಿರಲಿಲ್ಲ.

ಮೂರನೆಯ ಬೀದಿಯ ಕೊನೆಗೆ ಮೆಟ್ಟಿಲ ದಾರಿ. ಅವಳು ಹತ್ತು ಮೆಟ್ಟಿಲು ಹತ್ತಿ ಹೋಗಿದ್ದಳು. ಅವನು ಮೊದಲನೆಯದರ ಮೇಲೆ ಎಡಗಾಲಿಟ್ಟು ನಿಂತುಬಿಟ್ಟ.

"ಸ್ವಲ್ಪ ನಿಧಾನ ಹೋಗೇ" ಎಂದ.

ಅವಳು ತಿರುಗಿ ನೋಡಿದಳು. ಮತ್ತೆ ಇಳಿದು ಬಂದಳು, ಒಂದೊಂದೇ ಮೆಟ್ಟಿಲು.

"ಏನಾಯ್ತು?"

"ನೋವು" ಎಂದ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ನಿಜವಾಗಿಯೂ ನೋಯುತ್ತಿತ್ತು, ಮೂಳೆಯನ್ನು ಗರಗಸದಿಂದ ಕೊಯ್ದ ಹಾಗೆ. ಕಣ್ಣು ತುಂಬಿ, ಮೆಟ್ಟಿಲು ಕಾಣದಾಯಿತು. ಹತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ಅಳು ಬಂದಿತ್ತು, ನಡುಬೀದಿಯಲ್ಲಿ, ಎಲ್ಲರೆದುರು.

"ಎಲ್ಲಿ?"

ಅವನು ಬಗ್ಗಿ ಮುಟ್ಟಿ ತೋರಿಸಿದ. ಎಡಗಾಲು, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ.

ಅವಳು ಆ ಜಾಗ ನೋಡಿದಳು. ಚೀಲವನ್ನು ಭುಜದಿಂದ ಇಳಿಸಿ ಮೆಟ್ಟಿಲ ಮೇಲಿಟ್ಟಳು.

"ನನಗೂ ಅಲ್ಲೇ" ಎಂದಳು.

ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಮೇಲಿನ ಮನೆಯಿಂದ ಯಾರೋ, ಕಾಗದ ಇದೆಯಾ ಎಂದು ಕೂಗಿ ಕೇಳಿದರು. ಇದೆ, ಹತ್ತು ನಿಮಿಷ ಬಿಟ್ಟು ತರ್ತೀವಿ ಎಂದು ಅವಳು ಕೂಗಿ ಹೇಳಿದಳು.